ಪರದೇಶಿಯ ಅಪರಾಧ ಮತ್ತು ನಮ್ಮ ನ್ಯಾಯಪ್ರಜ್ಞೆ

2025ರ ಸೆಪ್ಟೆಂಬರ್ 10ರಂದು ಅಮೆರಿಕದ ಡಲ್ಲಾಸ್ ನಗರದ ಒಂದು ಮೋಟೆಲ್‌ನಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರ ಕೊಲೆಯಾಯಿತು. ಕೆಟ್ಟು ನಿಂತಿದ್ದ ಬಟ್ಟೆ ಒಗೆಯುವ ಯಂತ್ರವನ್ನು ಬಳಸಬೇಡಿ ಎಂದು ಅವರು ಹೇಳಿದ್ದು ಜಗಳಕ್ಕೆ ಕಾರಣ. ಆ ಮಾತನ್ನು ತನಗೆ ನೇರವಾಗಿ ಹೇಳದೆ ಇನ್ನೊಬ್ಬರ ಮೂಲಕ ಅನುವಾದಿಸಿ ಹೇಳಿಸಿದ್ದಕ್ಕೆ ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬನಿಗೆ ಸಿಟ್ಟು ಬಂತು. ಹೆಂಡತಿ ಮತ್ತು ಹದಿನೆಂಟರ ಹರೆಯದ ಮಗ ತಡೆಯಲು ಹೋದರೂ ಆಗಲಿಲ್ಲ. ಅವರ ಕಣ್ಣೆದುರೇ ಆ ಮನುಷ್ಯ ಮಚ್ಚಿನಿಂದ ಕೊಂದ. ಹೇಗೆ ಕೊಂದ ಎಂಬುದನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದರ ದೃಶ್ಯ ಆಗಲೇ ಲಕ್ಷಾಂತರ ಮೊಬೈಲ್‌ಗಳಲ್ಲಿ ಹರಿದಾಡಿದೆ, ಆ ಕುಟುಂಬಕ್ಕೆ ಅಷ್ಟು ಸಾಕು.

ಆರೋಪಿ ಕ್ಯೂಬಾ ದೇಶದವನು. ಅವನ ಮೇಲೆ ಹಿಂದೆಯೇ ಗಂಭೀರ ಅಪರಾಧಗಳ ದಾಖಲೆಯಿತ್ತು. ದೇಶದಿಂದ ಹೊರಗೆ ಕಳುಹಿಸಬೇಕೆಂಬ ಅಂತಿಮ ಆದೇಶವೂ ಆಗಿತ್ತು. ಆದರೆ ಅವನ ಅಪರಾಧದ ಚರಿತ್ರೆಯನ್ನು ನೋಡಿ ಕ್ಯೂಬಾ ಅವನನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. 2025ರ ಜನವರಿ 13ರಂದು, ಬೈಡನ್ ಸರಕಾರದ ಕೊನೆಯ ವಾರದಲ್ಲಿ, ವಲಸೆ ಇಲಾಖೆಯ ಬಂಧನದಿಂದ ಅವನನ್ನು ನಿಗಾವಣೆಯ ಷರತ್ತಿನ ಮೇಲೆ ಬಿಡಲಾಯಿತು. ಎಂಟು ತಿಂಗಳಾಗುವಷ್ಟರಲ್ಲಿ ಈ ಕೊಲೆ.

ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಿಗೂ ಟಿ.ವಿ.ಗಳಿಗೂ ಬಂತು. ಓದಿದವರಿಗೆಲ್ಲ ಎದೆ ಝಲ್ಲೆಂದಿತು, ನಮಗೂ. ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು ಹಿಂದಿನ ಸರಕಾರದ ಅಸಮರ್ಥತೆಯೇ ಇದಕ್ಕೆ ಕಾರಣವೆಂದರು, ಅಕ್ರಮ ವಲಸಿಗ ಅಪರಾಧಿಗಳ ಬಗ್ಗೆ ಮೃದುವಾಗಿರುವ ಕಾಲ ಮುಗಿಯಿತೆಂದರು. ನಮ್ಮೂರಿನ ಚಹಾದಂಗಡಿಯಲ್ಲಿ ಪತ್ರಿಕೆ ಹಿಡಿದು ಕೂತವರೂ ಅದನ್ನೇ ಹೇಳಿದರು: “ಅಂಥವರನ್ನ ಮೊದಲೇ ಒದ್ದು ಓಡಿಸಬೇಕಿತ್ತು.” ತಪ್ಪೇನು? ಕಳುಹಿಸಬೇಕಾದವನನ್ನು ಕಳುಹಿಸಿದ್ದರೆ ಆ ಕನ್ನಡಿಗ ಇಂದು ಬದುಕಿರುತ್ತಿದ್ದರು. ಈ ಮಾತನ್ನು ತಳ್ಳಿಹಾಕಲು ಯಾವ ಮಾನವೀಯತೆಯ ಭಾಷಣಕ್ಕೂ ಹಕ್ಕಿಲ್ಲ.

ಆದರೆ ಅದೇ ವರ್ಷದ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ತಂದಿಳಿಸಿತ್ತು. ಕೈಗೆ ಕೋಳ, ಕಾಲಿಗೆ ಸರಪಳಿ. ಆಗ ಅದೇ ಚಹಾದಂಗಡಿಯಲ್ಲಿ ಮಾತು ಬೇರೆಯಿತ್ತು. ಅವರೇನು ಕೊಲೆ ಮಾಡಿದ್ದರೇ, ಹೊಟ್ಟೆಪಾಡಿಗೆ ಹೋದವರಲ್ಲವೇ ಎಂದು ಜನ ಕುದಿದರು. ಇದೂ ಸರಿಯಾದ ಮಾತೇ. ಆದರೆ ಸೆಪ್ಟೆಂಬರಿನಲ್ಲಿ ನಾವು ತಲೆಯಾಡಿಸಿದ ಆ ‘ಅಂಥವರು’ ಎಂಬ ಪದದೊಳಗೆ ಫೆಬ್ರವರಿಯ ಆ 104 ಮಂದಿಯೂ ಇದ್ದರು. ಆಳುವವರ ಬಾಯಲ್ಲಿ ಇಬ್ಬರಿಗೂ ಒಂದೇ ಹೆಸರು. ನಾವು ಮಾತ್ರ ನಮ್ಮ ಅನುಕೂಲದಂತೆ ಒಮ್ಮೆ ಒಡೆದು ನೋಡಿದೆವು, ಒಮ್ಮೆ ಒಟ್ಟಿಗೆ ಕಟ್ಟಿದೆವು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳ ಓದುಗರಿಗೆ ಈ ದೂರದ ವಿಷಯ ಏಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ವಿದೇಶಿಯರು ಎಲ್ಲಿದ್ದಾರೆ? ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಬರುವ ಒಬ್ಬಿಬ್ಬರು ಪ್ರವಾಸಿಗರನ್ನು ಬಿಟ್ಟರೆ ಇಲ್ಲವೆಂದೇ ಹೇಳಬೇಕು. ಆದರೆ ಈ ನಾಲ್ಕು ತಾಲ್ಲೂಕುಗಳಿಂದ ಹೋಗಿ ಬೇರೆಯವರ ನೆಲದಲ್ಲಿ ವಿದೇಶಿಯರಾಗಿರುವವರು ಎಷ್ಟು ಮಂದಿ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ.

ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್‌ಗಳಲ್ಲಿ ಹಕ್ಕಿಪಿಕ್ಕಿ ಕುಟುಂಬಗಳಿವೆ. ಹಿಂದೆ ಬೇಟೆಯಾಡಿ ಬದುಕಿದ ಜನ. ಇಂದು ಅವರಲ್ಲಿ ಅನೇಕರು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಹಿಡಿದು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ. ನಮ್ಮ ಪದವೀಧರರು ಭೂಪಟದಲ್ಲಿ ಹುಡುಕಬೇಕಾದ ಊರುಗಳಲ್ಲಿ ಶಾಲೆಯ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಈ ಜನ ವ್ಯಾಪಾರ ಮಾಡಿ ಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೇನೆಗಳ ನಡುವೆ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರ ಟ್ವೀಟ್, ವಿದೇಶಾಂಗ ಸಚಿವ ಜೈಶಂಕರ್ ಅವರ ಸಿಟ್ಟಿನ ಉತ್ತರ, ನಂತರ ‘ಆಪರೇಷನ್ ಕಾವೇರಿ’, ಎಲ್ಲವೂ ಓದುಗರಿಗೆ ನೆನಪಿರಬಹುದು. ಆ ದಿನಗಳಲ್ಲಿ ಅವರು ಪರವಾನಗಿ ಪಡೆದು ಎಣ್ಣೆ ಮಾರುತ್ತಿದ್ದರೇ, ವೀಸಾದ ಅವಧಿ ಉಳಿದಿತ್ತೇ ಎಂದು ಇಲ್ಲಿ ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಸರಿ. ನಮ್ಮವರು ಬದುಕಿ ಬರಲಿ ಎಂಬುದಷ್ಟೇ ಎಲ್ಲರ ಬಯಕೆಯಾಗಿತ್ತು.

ಇನ್ನು ಗಲ್ಫ್. ಹೊನ್ನಾಳಿ ಕಡೆಯ ನಮಗೆ ಪರಿಚಯದ ಒಬ್ಬ ಯುವಕ ಸೌದಿಯಲ್ಲಿ ಚಾಲಕನಾಗಿದ್ದ. ಏಳು ತಿಂಗಳ ಸಂಬಳ ಬಾಕಿ ಬಿತ್ತು. ಕೇಳಿದಾಗ ಕಫೀಲ್ ಅವನ ಮೇಲೆ ‘ಹುರೂಬ್’ ಹಾಕಿಸಿದ. ಕೆಲಸ ಬಿಟ್ಟು ಓಡಿಹೋದವನು ಎಂಬ ದೂರು ಇದು. ಆ ಒಂದು ದಾಖಲೆಯಿಂದ ಇಕಾಮಾ ಸತ್ತುಹೋಯಿತು, ರಾತ್ರೋರಾತ್ರಿ ಅವನು ಕಾನೂನು ಮುರಿದವನಾದ. ಒಂದು ವರ್ಷ ಅಡಗಿ ದುಡಿದು, ಕೊನೆಗೆ ಸಿಕ್ಕಿಬಿದ್ದು, ತರ್ಹೀಲ್‌ನಲ್ಲಿ ಕೆಲವು ವಾರ ಕಳೆದು, ಬೆರಳಚ್ಚು ಕೊಟ್ಟು ಬರಿಗೈಯಲ್ಲಿ ಊರಿಗೆ ಬಂದ. ಸೌದಿಯ ಗೃಹ ಇಲಾಖೆ ವಾರಕ್ಕೊಮ್ಮೆ, ವಾಸ, ದುಡಿಮೆ ಮತ್ತು ಗಡಿ ಕಾನೂನುಗಳನ್ನು ಮುರಿದ ಇಷ್ಟು ಸಾವಿರ ಮಂದಿಯನ್ನು ಹಿಡಿದೆವು ಎಂದು ಲೆಕ್ಕ ಕೊಡುತ್ತದೆ. ಅಲ್ಲಿನ ಪತ್ರಿಕೆಗಳು ಅದನ್ನು ಹಾಗೆಯೇ ಅಚ್ಚು ಹಾಕುತ್ತವೆ. ಆ ವಾರದ ಸಾವಿರಗಳಲ್ಲಿ ಈ ಯುವಕ ಒಂದು ಅಂಕಿ. ಅವನ ತಾಯಿ ನಮ್ಮೆದುರು ಒಮ್ಮೆ, “ನನ್ನ ಮಗ ಕಳ್ಳತನ ಮಾಡಿದ್ನಾ ಭಾಯೀ? ದುಡಿದ ದುಡ್ಡು ಕೇಳಿದ, ಅಷ್ಟೇ ತಾನೇ?” ಎಂದರು. ಉತ್ತರ ಕೊಡಲು ನಮಗೆ ಆಗಲಿಲ್ಲ. ಅಲ್ಲಿನ ಪತ್ರಿಕೆ ಓದುವ ಸೌದಿಯವನಿಗೆ ಈ ತಾಯಿಯ ಮಗ ಯಾರೆಂದು ಗೊತ್ತಾಗುವ ಬಗೆಯೇ ಇಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ನಾಡಿನ ಮೂಲೆಮೂಲೆಯಿಂದ ಬಂಜಾರರು ಬರುತ್ತಾರೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಅವರು ಪೂಜಿಸುವ ನೆಲವದು. ಆ ಜನಸಾಗರದಲ್ಲಿ ನಿಂತವರಿಗೆ ಒಂದು ಸಂಗತಿ ನೆನಪಾಗದೆ ಇರದು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಅಡಿಯಲ್ಲಿ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಲಂಬಾಣಿ, ಕೊರಚ, ಕೊರಮ ಮುಂತಾದ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲಾಗಿತ್ತು. ಏನೂ ಮಾಡದವನೂ ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಚೀಟಿ ಬೇಕು. 1952ರ ಆಗಸ್ಟ್ 31ರಂದು ಅವರನ್ನು ಆ ಪಟ್ಟಿಯಿಂದ ಬಿಡುಗಡೆ ಮಾಡಲಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ! ಇಷ್ಟು ದೊಡ್ಡ ಅನ್ಯಾಯ ಆರಂಭವಾದದ್ದು ಹೇಗೆ? ಅಲ್ಲೊಬ್ಬ ಇಲ್ಲೊಬ್ಬ ದಾರಿಗಳ್ಳ ಇದ್ದಿರಬಹುದು. ಅವನನ್ನು ಹುಡುಕಿ ಹಿಡಿಯುವುದು ಸರಕಾರಕ್ಕೆ ಕಷ್ಟವಾಯಿತು. ಇಡೀ ತಾಂಡಾವನ್ನು ಹಿಡಿಯುವುದು ಸುಲಭವಾಗಿತ್ತು.

ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇದನ್ನೇ. ಗಡೀಪಾರು ಮಾಡಬೇಕಾದ ಅಪರಾಧಿಯನ್ನು ಕಳುಹಿಸಲಾಗದ ಸರಕಾರ ಮತ್ತು ಯಾವ ತಪ್ಪೂ ಮಾಡದವನನ್ನು ಗಡಿಯಾಚೆ ತಳ್ಳುವ ಸರಕಾರ ಎರಡು ಬೇರೆ ಸರಕಾರಗಳೆಂದು, ಒಂದು ಮೃದು, ಇನ್ನೊಂದು ಕಠೋರ ಎಂದು ಮಾಧ್ಯಮಗಳು ನಮಗೆ ತೋರಿಸುತ್ತವೆ. ನಮ್ಮ ದೃಷ್ಟಿಯಲ್ಲಿ ಎರಡೂ ಒಂದೇ ರೋಗ. ಒಬ್ಬ ಮನುಷ್ಯನನ್ನು ಒಬ್ಬನೇ ಮನುಷ್ಯನಾಗಿ, ಅವನ ಕಡತವನ್ನು ಕೊನೆಯ ಪುಟದವರೆಗೆ ನೋಡಲು ಆಗದಿರುವ ರೋಗ.

ಇದಕ್ಕೆ ಬ್ರಿಟನ್ನಿನ ಗೃಹ ಇಲಾಖೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2006ರ ಏಪ್ರಿಲ್‌ನಲ್ಲಿ ಒಂದು ಹಗರಣ ಹೊರಬಿತ್ತು. 1999ರಿಂದ ಆ ತನಕ 1,023 ಮಂದಿ ವಿದೇಶಿ ಕೈದಿಗಳು ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದರು, ಅವರನ್ನು ದೇಶದಿಂದ ಕಳುಹಿಸಬೇಕೇ ಬೇಡವೇ ಎಂಬುದನ್ನು ಯಾರೂ ಪರಿಶೀಲಿಸಿರಲಿಲ್ಲ. ಕಳುಹಿಸಬಾರದು ಎಂದು ದಯೆ ತೋರಿ ಬಿಟ್ಟದ್ದಲ್ಲ. ಸೆರೆಮನೆಯ ಇಲಾಖೆ ವಲಸೆ ಇಲಾಖೆಗೆ ಹೇಳಲಿಲ್ಲ, ಹೇಳಿದ್ದನ್ನು ವಲಸೆ ಇಲಾಖೆ ನೋಡಲಿಲ್ಲ. ಪತ್ರಿಕೆಗಳು ವಾರಗಟ್ಟಲೆ ಬೊಬ್ಬೆ ಹಾಕಿದವು. ಮೇ 5ರಂದು ಗೃಹಸಚಿವ ಚಾರ್ಲ್ಸ್ ಕ್ಲಾರ್ಕ್ ಹುದ್ದೆ ಕಳೆದುಕೊಂಡರು. ಮರುವರ್ಷವೇ, ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದ ವಿದೇಶಿಯರನ್ನು ತಾನಾಗಿಯೇ ಗಡೀಪಾರು ಮಾಡುವ ಕಾನೂನು ಬಂತು. ಕಠಿಣವಾಗಬೇಕು ಎಂಬ ಒತ್ತಡ ವರ್ಷದಿಂದ ವರ್ಷಕ್ಕೆ ಏರಿತು. ಇಷ್ಟು ಮಂದಿಯನ್ನು ಕಳುಹಿಸಬೇಕು ಎಂಬ ಗುರಿಗಳು ಕಚೇರಿಗಳಿಗೆ ಬಂದವು.

ಹನ್ನೆರಡು ವರ್ಷಗಳ ನಂತರ ಅದೇ ಇಲಾಖೆಯಲ್ಲಿ ಏನಾಯಿತು? ಎರಡನೇ ಮಹಾಯುದ್ಧದ ನಂತರ ಬ್ರಿಟನ್ನೇ ದುಡಿಮೆಗೆ ಕರೆಸಿಕೊಂಡ ಕೆರಿಬಿಯನ್ ದ್ವೀಪಗಳ ಜನ, ಬಾಲ್ಯದಲ್ಲಿ ಬಂದು ಅಲ್ಲೇ ಮುದುಕರಾದವರು, ಕಾಗದ ತೋರಿಸಲಾಗದೆ ಕೆಲಸ, ಆಸ್ಪತ್ರೆಯ ಚಿಕಿತ್ಸೆ ಕಳೆದುಕೊಂಡರು. ಕೆಲವರು ಬಂಧನದಲ್ಲಿದ್ದರು. ಕನಿಷ್ಠ 83 ಮಂದಿಯನ್ನು ದೇಶದಿಂದಲೇ ಹೊರಹಾಕಲಾಗಿತ್ತೆಂದು ಸರಕಾರವೇ ಒಪ್ಪಿಕೊಂಡಿತು. ಅವರು ಬಂದಿಳಿದಾಗ ಇಲಾಖೆಯೇ ಇಟ್ಟುಕೊಂಡಿದ್ದ ಹಳೆಯ ಚೀಟಿಗಳನ್ನು ಇಲಾಖೆಯೇ ನಾಶ ಮಾಡಿತ್ತು. 2018ರ ಏಪ್ರಿಲ್ 29ರಂದು ಗೃಹಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಗಡೀಪಾರಿಗೆ ಗುರಿ ನಿಗದಿಯಾಗಿತ್ತೇ ಎಂಬ ಪ್ರಶ್ನೆಗೆ ಸಂಸತ್ತಿನ ಸಮಿತಿಯ ಮುಂದೆ ತಪ್ಪು ಮಾಹಿತಿ ಕೊಟ್ಟದ್ದು ಕಾರಣ. ಕಳುಹಿಸದೆ ಒಬ್ಬ ಸಚಿವರು ಹೋದರು, ಕಳುಹಿಸಿ ಇನ್ನೊಬ್ಬರು ಹೋದರು. ಕಚೇರಿ ಅದೇ, ಮೇಜು ಅದೇ, ಕಡತ ನೋಡುವ ರೀತಿಯೂ ಅದೇ.

ನಮ್ಮ ದೇಶಕ್ಕೆ ಬರೋಣ. 2025ರ ಫೆಬ್ರವರಿ 4ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಅಸ್ಸಾಂ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ವಿದೇಶಿಯರೆಂದು ಘೋಷಿತರಾದ 63 ಮಂದಿಯನ್ನು ಬಂಧನ ಕೇಂದ್ರದಲ್ಲೇ ಇಟ್ಟುಕೊಂಡಿರುವುದೇಕೆ, ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು ಕೇಳಿತು. ಅವರ ವಿದೇಶದ ವಿಳಾಸ ಗೊತ್ತಿಲ್ಲ ಎಂಬುದು ಸರಕಾರದ ಉತ್ತರ. ಗಮನಿಸಿ: ಒಬ್ಬ ಮನುಷ್ಯ ಯಾವ ದೇಶದವನು ಎಂದು ಖಚಿತವಾಗಿ ಹೇಳಬಲ್ಲ ಸರಕಾರಕ್ಕೆ ಅವನು ಆ ದೇಶದ ಯಾವ ಊರಿನವನು ಎಂದು ಗೊತ್ತಿಲ್ಲ! ಆ ವರ್ಷದ ಜೂನ್‌ನಲ್ಲಿ ಬೇರೆಯದೇ ಘಟನೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು, ದಿಲ್ಲಿಯಲ್ಲಿ ದುಡಿಯುತ್ತಿದ್ದವಳನ್ನು, ಗಂಡ ಮತ್ತು ಎಳೆಯ ಮಗನೊಂದಿಗೆ ಹಿಡಿದು ಬಾಂಗ್ಲಾದೇಶಕ್ಕೆ ತಳ್ಳಲಾಯಿತು. ಅಲ್ಲಿ ಅವರು ಅಕ್ರಮ ನುಸುಳುಕೋರರೆಂದು ಜೈಲು ಸೇರಿದರು. ಎರಡೂ ದೇಶಗಳಲ್ಲಿ ವಿದೇಶಿ! ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ನಂತರ ಡಿಸೆಂಬರ್‌ನಲ್ಲಿ ತಾಯಿ ಮತ್ತು ಮಗ ವಾಪಸ್ ಬಂದರು. ಗಂಡ ಆಗ ಆಚೆಯೇ ಉಳಿದಿದ್ದ.

ಘೋಷಿತ ವಿದೇಶಿಯರನ್ನು ಏಕೆ ಕಳುಹಿಸುತ್ತಿಲ್ಲ ಎಂಬ ಕೂಗಿಗೂ ಯಾರನ್ನಾದರೂ ಕಳುಹಿಸಿ ಲೆಕ್ಕ ತೋರಿಸುವ ಆತುರಕ್ಕೂ ಇರುವ ದೂರ ಬಹಳ ಕಡಿಮೆ. ನಿಜವಾದ ಅಪರಾಧಿಯನ್ನು ಕಳುಹಿಸುವುದು ನಿಧಾನದ ಕೆಲಸ. ಮೊಕದ್ದಮೆ ಮುಗಿಯಬೇಕು. ಅದು ಬಾಕಿ ಇರುವಾಗ ಅವನು ದೇಶ ಬಿಡುವಂತೆಯೂ ಇಲ್ಲ. ಶಿಕ್ಷೆ ಮುಗಿಯಬೇಕು. ಅವನ ರಾಯಭಾರ ಕಚೇರಿ ಇವನು ನಮ್ಮವನು ಎಂದು ಒಪ್ಪಬೇಕು. ಪಾಸ್‌ಪೋರ್ಟ್ ಹರಿದೆಸೆದಿದ್ದರೆ ತುರ್ತು ಪ್ರಯಾಣಪತ್ರ ಬೇಕು. ಇಷ್ಟೆಲ್ಲ ಆಗುವ ತನಕ ನಮ್ಮ ರಾಜ್ಯದಲ್ಲಾದರೆ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡದಲ್ಲಿ ಮಾಡಿರುವ ವಿದೇಶಿಯರ ಬಂಧನ ಕೇಂದ್ರ. ಜರ್ಮನಿಯ ಸೋಲಿಂಗೆನ್‌ನಲ್ಲಿ 2024ರ ಆಗಸ್ಟ್‌ನಲ್ಲಿ ಮೂವರನ್ನು ಇರಿದು ಕೊಂದ ಸಿರಿಯಾದ ವ್ಯಕ್ತಿಯನ್ನು 2023ರಲ್ಲೇ ಬಲ್ಗೇರಿಯಾಕ್ಕೆ ಕಳುಹಿಸಬೇಕಿತ್ತು. ಅಧಿಕಾರಿಗಳು ಹೋದ ಹೊತ್ತಿಗೆ ಅವನು ಆಶ್ರಯತಾಣದಲ್ಲಿ ಇರಲಿಲ್ಲ, ಮತ್ತೆ ಹುಡುಕಲಿಲ್ಲ, ಗಡುವು ಕಳೆಯಿತು. ಇಂತಹ ಕತೆಯನ್ನು ಟಿ.ವಿ.ಯಲ್ಲಿ ತೋರಿಸುವುದು ಹೇಗೆ? ಗಡುವಿಗೆ ಮುಖವಿಲ್ಲ. ಕಚೇರಿಯ ಕಪಾಟನ್ನು ಕೆಂಪು ವೃತ್ತದೊಳಗೆ ಹಾಕಿ ಅರ್ಧಗಂಟೆ ತೋರಿಸಲಾಗದು. ಕಪ್ಪು ಬಣ್ಣದ, ಗಡ್ಡದ, ಅಪರಿಚಿತ ಹೆಸರಿನ ಒಂದು ಮುಖವನ್ನು ತೋರಿಸಬಹುದು. ಹಾಗಾಗಿ ಇಲಾಖೆಯ ತಪ್ಪು ಬೆಳಗಾಗುವುದರೊಳಗೆ ಒಂದು ಜನಾಂಗದ ತಪ್ಪಾಗಿರುತ್ತದೆ.

ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ 2016ರ ಜನವರಿ 31ರ ರಾತ್ರಿ ನಡೆದದ್ದನ್ನು ನಾವು ಮರೆಯಬಾರದು. ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಒಬ್ಬ ಮಹಿಳೆ ಸತ್ತರು. ಸತ್ತವರು ನಮ್ಮದೇ ಸಮುದಾಯದ ಹೆಣ್ಣುಮಗಳು. ಜನ ಸೇರಿದರು, ಕಾರಿಗೆ ಬೆಂಕಿಯಿಟ್ಟರು. ಸುಮಾರು ಅರ್ಧಗಂಟೆಯ ನಂತರ ಏನಾಗಿದೆ ಎಂದೇ ತಿಳಿಯದೆ ಇನ್ನೊಂದು ಕಾರಿನಲ್ಲಿ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಮೈಮೇಲಿನ ಬಟ್ಟೆ ಹರಿಯಿತು. ಅವಳ ಸ್ನೇಹಿತರನ್ನೂ ಬಿಡಲಿಲ್ಲ. ಸುಡಾನಿಗೂ ತಾಂಜಾನಿಯಾಕ್ಕೂ ಏನು ಸಂಬಂಧ? ಅವಳಿಗೆ ಆ ಚಾಲಕನ ಪರಿಚಯವೇ ಇರಲಿಲ್ಲ. ಗುಂಪಿಗೆ ಅದು ಬೇಕಾಗಿಯೂ ಇರಲಿಲ್ಲ. ‘ಆಫ್ರಿಕಾದವರು’ ಎಂಬ ಒಂದು ಪದ ಅದಕ್ಕೆ ಮೊದಲೇ ಗೊತ್ತಿತ್ತು. ಆಫ್ರಿಕಾದ ಯಾರೇ ಸಿಕ್ಕಿಬಿದ್ದರೂ ವರ್ಷಗಳ ಕಾಲ ಪತ್ರಿಕೆಗಳು ಆ ಪದವನ್ನೇ ಬರೆದಿದ್ದವು. ಐವತ್ತಕ್ಕೂ ಹೆಚ್ಚು ದೇಶಗಳಿರುವ ಭೂಖಂಡ ಅದು. ನಮ್ಮವನೊಬ್ಬ ಲಂಡನ್ನಿನಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ‘ಏಷ್ಯಾದವನು’ ಎಂದು ಬರೆದರೆ ನಾವು ಒಪ್ಪುತ್ತೇವೆಯೇ?

ಇದೇ ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಶಾಸಕರೊಬ್ಬರು ಹಂಚಿದ ವಿಡಿಯೋ, ಟಿ.ವಿ. ವರದಿ, ಅಲ್ಲಿರುವವರು ಬಾಂಗ್ಲಾದವರು ಎಂಬ ಮಾತು, ಅದರ ಬೆನ್ನಿಗೇ ಜೆಸಿಬಿ. ಗುಡಿಸಲು ಕಳೆದುಕೊಂಡವರು ಆಧಾರ್, ಮತದಾರರ ಚೀಟಿ ಹಿಡಿದು ನಿಂತರು. ಅವರಲ್ಲಿ ಅನೇಕರು ಉತ್ತರ ಕರ್ನಾಟಕದ ಕನ್ನಡಿಗರು, ಉಳಿದವರಲ್ಲಿ ಅಸ್ಸಾಂ, ತ್ರಿಪುರಾದ ಭಾರತೀಯರಿದ್ದರು. ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆದರೆ ಗುಡಿಸಲು ಆಗಲೇ ಮಣ್ಣಾಗಿತ್ತು. ಬರ ಬಿದ್ದಾಗ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಗುವ ನಮ್ಮ ಜಗಳೂರಿನ ಕೂಲಿಕಾರ ಆ ಸಾಲಿನಲ್ಲಿ ಇರಲಿಲ್ಲ ಎಂಬುದು ಕೇವಲ ಅದೃಷ್ಟ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಅಪರಾಧಿ ವಿದೇಶಿಯಾಗಿದ್ದರೆ ಅದನ್ನು ಪತ್ರಿಕೆಗಳು ಮುಚ್ಚಿಡಬೇಕೇ? ಇಲ್ಲ. ಮುಚ್ಚಿಟ್ಟಲ್ಲಿ ಗಾಳಿಸುದ್ದಿ ತುಂಬಿಕೊಳ್ಳುತ್ತದೆ. 2024ರ ಜುಲೈನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾದಾಗ, ಆರೋಪಿ ದೋಣಿಯಲ್ಲಿ ಬಂದ ಮುಸ್ಲಿಂ ಆಶ್ರಿತ ಎಂದು ಒಂದು ಸುಳ್ಳು ಹೆಸರಿನೊಂದಿಗೆ ಸುದ್ದಿ ಹಬ್ಬಿತು. ಮರುದಿನವೇ ಮಸೀದಿಯ ಮೇಲೆ ಕಲ್ಲು ಬಿತ್ತು. ಅವನು ಬ್ರಿಟನ್ನಿನ ಕಾರ್ಡಿಫ್‌ನಲ್ಲೇ ಹುಟ್ಟಿದವನು ಎಂಬ ಸತ್ಯ ನಡೆದು ಬರುವಷ್ಟರಲ್ಲಿ ಸುಳ್ಳು ಊರೂರು ಸುತ್ತಿ ಆಗಿತ್ತು. ಡಲ್ಲಾಸ್‌ನ ಸುದ್ದಿಯಲ್ಲಿ ಆರೋಪಿಯ ದೇಶವನ್ನು ಹೇಳಲೇಬೇಕು, ಏಕೆಂದರೆ ಅವನನ್ನು ಏಕೆ ಕಳುಹಿಸಲಾಗಲಿಲ್ಲ ಎಂಬುದು ಆ ಸುದ್ದಿಯ ಭಾಗ. ಹಾಗಾದರೆ ಪೂರ್ತಿ ಹೇಳಬೇಕು: ಆದೇಶ ಯಾವಾಗ ಆಯಿತು, ಕ್ಯೂಬಾ ಏನೆಂದಿತು, ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ಕಳುಹಿಸಲಾಗದವನನ್ನು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ಕೂಡಿಹಾಕುವಂತಿಲ್ಲ ಎಂದದ್ದು ಏಕೆ. ಇವಿಷ್ಟನ್ನೂ ಬಿಟ್ಟು ‘ವಲಸಿಗ’ ಎಂಬ ಪದವನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದರೆ ಓದುಗನಿಗೆ ಸಿಗುವುದು ಮಾಹಿತಿಯಲ್ಲ, ಹಗೆ. ಅಂದಹಾಗೆ, ಕೊಲೆಯಾದ ಕನ್ನಡಿಗರೂ ಅಲ್ಲಿ ವಲಸಿಗರೇ.

ಇನ್ನು ನಮ್ಮ ಮನೆಯೊಳಗಿನ ಮಾತು. ಪತ್ರಿಕೆಗಳು ಮುಸ್ಲಿಂ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಹಾಕುತ್ತವೆ ಎಂದು ದೂರುವ ನಾವು ಬೇರೆಯವರ ವಿಷಯದಲ್ಲಿ ಹೇಗಿದ್ದೇವೆ? ಮಾದಕವಸ್ತು ಪ್ರಕರಣದಲ್ಲಿ ನೈಜೀರಿಯಾದವನೊಬ್ಬ ಸಿಕ್ಕಿಬಿದ್ದರೆ, “ಅವರೆಲ್ಲ ಅದನ್ನೇ ಮಾಡೋದು” ಎಂದು ನಮ್ಮ ಜಮಾಅತಿನ ಹಿರಿಯರೇ ಹೇಳುವುದನ್ನು ಕೇಳಿದ್ದೇವೆ. ಮುರುಕು ಹಿಂದಿ ಮಾತನಾಡುವ ಅಸ್ಸಾಮಿನ ಕೂಲಿಕಾರರು ಶುಕ್ರವಾರ ಮಸೀದಿಯ ಹಿಂದಿನ ಸಾಲಿನಲ್ಲಿ ನಿಂತರೆ, ಸಲಾಮ್ ಹೇಳುವ ಮೊದಲು ನಮ್ಮವರೇ, ಬಾಂಗ್ಲಾದವರಿರಬೇಕು ಎಂದು ಪಿಸುಗುಟ್ಟುವುದನ್ನೂ ಕೇಳಿದ್ದೇವೆ. ತಪ್ಪು ಮಾಡಿದವನು ನಮ್ಮವನಾದರೆ ಇನ್ನೊಂದು ಪರಿ. ಮೊದಲು ಸುದ್ದಿಯೇ ಸುಳ್ಳು ಎನ್ನುತ್ತೇವೆ. ಆಮೇಲೆ ಮೌನ.

ಸೂರಃ ಅನ್ನಿಸಾದ 105ನೇ ಸೂಕ್ತದಿಂದ ಮುಂದಿನ ಕೆಲವು ಸೂಕ್ತಗಳ ಹಿನ್ನೆಲೆಯಾಗಿ ಅನೇಕ ವ್ಯಾಖ್ಯಾನಕಾರರು ಒಂದು ಘಟನೆಯನ್ನು ಹೇಳುತ್ತಾರೆ. ಮದೀನಾದಲ್ಲಿ ಅನ್ಸಾರ್‌ಗಳ ಪೈಕಿ ಒಬ್ಬ ಇನ್ನೊಬ್ಬರ ಮನೆಯಿಂದ ಒಂದು ಕವಚವನ್ನು ಕದ್ದ. ಕವಚವನ್ನು ಬಚ್ಚಿಟ್ಟಿದ್ದ ಚೀಲದಲ್ಲಿ ಹಿಟ್ಟಿತ್ತು, ಚೀಲ ಹರಿದಿತ್ತು, ಹಿಟ್ಟು ದಾರಿಯುದ್ದಕ್ಕೂ ಸುರಿದಿತ್ತು. ಸಿಕ್ಕಿಬೀಳುವ ಭಯದಿಂದ ಅವನು ಕವಚವನ್ನು ಒಬ್ಬ ಯಹೂದಿಯ ಮನೆಯಲ್ಲಿಟ್ಟು ಅವನನ್ನೇ ಕಳ್ಳನೆಂದ. ಅವನ ಕುಲದವರು ಪ್ರವಾದಿ(ಸ)ರ ಬಳಿಗೆ ಬಂದು ತಮ್ಮವನ ಪರ ವಾದಿಸಿದರು. ಸಾಕ್ಷ್ಯ ಯಹೂದಿಯ ವಿರುದ್ಧವೇ ಕಾಣುತ್ತಿತ್ತು. ಆಗ ಅವತೀರ್ಣವಾದ ಸೂಕ್ತಗಳು ಯಹೂದಿಯನ್ನು ನಿರ್ದೋಷಿಯೆಂದು ಸಾರಿದವು, ವಂಚಕರ ಪರ ವಕಾಲತ್ತು ವಹಿಸಬಾರದೆಂದು ಪ್ರವಾದಿ(ಸ)ರಿಗೇ ಆದೇಶಿಸಿದವು, ತಾನು ಮಾಡಿದ ಪಾಪವನ್ನು ನಿರಪರಾಧಿಯ ಮೇಲೆ ಹೊರಿಸುವುದು ಎಷ್ಟು ದೊಡ್ಡ ಅಪರಾಧವೆಂದು ಎಚ್ಚರಿಸಿದವು. ಮುಸ್ಲಿಮರಿಗೂ ಯಹೂದಿ ಬುಡಕಟ್ಟುಗಳಿಗೂ ಸಂಬಂಧ ಹಳಸಿದ್ದ ಕಾಲದಲ್ಲಿ ನಡೆದದ್ದಿದು. ಕಳ್ಳ ನಮ್ಮವನು ಎಂದು ಒಪ್ಪಿಕೊಳ್ಳುವುದು ರಾಜಕೀಯವಾಗಿ ನಷ್ಟ. ಆ ನಷ್ಟವನ್ನು ಕುರ್‌ಆನ್ ಲೆಕ್ಕಕ್ಕೇ ಹಿಡಿಯಲಿಲ್ಲ.

ಸೂರಃ ಅತ್ತೌಬಾದ ಆರನೇ ಸೂಕ್ತ ಇನ್ನೂ ನೇರವಾಗಿ ನಮ್ಮ ವಿಷಯಕ್ಕೆ ತಾಗುತ್ತದೆ. ಯುದ್ಧದ ಹಿನ್ನೆಲೆಯ ಆ ಅಧ್ಯಾಯದ ನಡುವೆಯೇ, ಶತ್ರುಪಾಳಯದ ಬಹುದೇವಾರಾಧಕನೊಬ್ಬ ಆಶ್ರಯ ಕೇಳಿದರೆ ಕೊಡಬೇಕು, ದೇವವಚನ ಕೇಳಿಸಬೇಕು, ಬಳಿಕ ಅವನನ್ನು ಅವನಿಗೆ ಸುರಕ್ಷಿತವಾದ ಸ್ಥಳಕ್ಕೆ ತಲುಪಿಸಬೇಕು ಎಂಬ ಆಜ್ಞೆಯಿದೆ. ಅವನು ಇಲ್ಲೇ ಉಳಿಯಬೇಕೆಂದು ಹೇಳಿಲ್ಲ, ಹೊರಗೆ ಕಳುಹಿಸಬಾರದೆಂದೂ ಹೇಳಿಲ್ಲ. ಕಳುಹಿಸುವವನ ಹೊಣೆ ಗಡಿಯ ಗೆರೆಯಲ್ಲಿ ಮುಗಿಯುವುದಿಲ್ಲ ಎಂದು ಮಾತ್ರ ಹೇಳಿದೆ. ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ನಾಗರಿಕ ಎನ್ನದೆ ‘ವ್ಯಕ್ತಿ’ ಎಂದಿರುವುದು ಇದಕ್ಕೆ ದೂರದ ಮಾತಲ್ಲ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ವಿದೇಶಿಯನನ್ನು ಹೊರಗೆ ಕಳುಹಿಸುವ ಸರಕಾರದ ಅಧಿಕಾರವನ್ನು ನ್ಯಾಯಾಲಯ ಎಂದೂ ಅಲ್ಲಗಳೆದಿಲ್ಲ. ಅವನ ಜೀವ ಮಾತ್ರ ಸರಕಾರದ ಕೈಯೊಳಗಿನ ಹೊಣೆ.

2025ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ 1946ರ ವಿದೇಶಿಯರ ಕಾಯಿದೆ ಹೋಗಿ ಹೊಸ ವಲಸೆ ಮತ್ತು ವಿದೇಶಿಯರ ಕಾಯಿದೆ ಬಂದಿದೆ. ತಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಭಾರ ಹಳೆಯ ಕಾಯಿದೆಯಂತೆ ಇಲ್ಲಿಯೂ ಆರೋಪಕ್ಕೊಳಗಾದವನ ಮೇಲೆಯೇ. ಆದರೆ ಕೇವಲ ಶಂಕೆಯ ಮೇಲೆ ಯಾರನ್ನಾದರೂ ಹಿಡಿದು ಸಾಬೀತುಪಡಿಸು ಎನ್ನುವಂತಿಲ್ಲ, ಶಂಕೆಗೆ ಆಧಾರ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತ್ತು. ಅಸ್ಸಾಮಿನ ಒಬ್ಬ ವ್ಯಕ್ತಿಯನ್ನು ಭಾರತೀಯನೆಂದು ಘೋಷಿಸಿದ ತೀರ್ಪು ಅದು. ತೀರ್ಪು ಬರುವ ಹೊತ್ತಿಗೆ ಅವನು ಸತ್ತು ಎರಡು ವರ್ಷಗಳ ಮೇಲಾಗಿತ್ತು.

ಸಂತೇಬೆನ್ನೂರಿನ ಪುಷ್ಕರಣಿಯ ಪಕ್ಕದಲ್ಲಿ ಜನ ಮುಸಾಫಿರ್‌ಖಾನಾ ಎಂದು ಕರೆಯುವ ಹಳೆಯ ಕಟ್ಟಡವೊಂದಿದೆ. ದಾರಿಹೋಕರು ತಂಗುವ ಮನೆ ಎಂದು ಆ ಹೆಸರಿನ ಅರ್ಥ. ಪುಷ್ಕರಣಿ ಕಟ್ಟಿಸಿದವರು ಪಾಳೆಯಗಾರ ಹನುಮಂತಪ್ಪನಾಯಕರು. ಹೆಸರಿನಿಂದ ಹಿಂದೂ, ಮುಸ್ಲಿಂ ಎಂದು ಅಕ್ಕಪಕ್ಕದಲ್ಲಿ ನಿಂತ ಎರಡು ಕಟ್ಟಡಗಳನ್ನು ತೋರಿಸಿ ಸೌಹಾರ್ದದ ಭಾಷಣ ಮಾಡುವುದು ಸುಲಭ, ನಾವೂ ಮಾಡಿದ್ದೇವೆ. ಆದರೆ ಅಲ್ಲಿ ನಿಂತಾಗ ನಮಗೆ ಬರುವ ಪ್ರಶ್ನೆ ಬೇರೆ. ಆ ಕಾಲದಲ್ಲೂ ದಾರಿಹೋಕರಲ್ಲಿ ಕಳ್ಳರಿದ್ದಿರಬೇಕು. ಒಂದು ರಾತ್ರಿ ತಂಗಿ ಬೆಳಗಾಗುವಷ್ಟರಲ್ಲಿ ಪಕ್ಕದವನ ಗಂಟು ಎಗರಿಸಿದವನೂ ಇದ್ದಿರಬೇಕು. ಆದರೂ ಅದಕ್ಕೆ ಬೀಗ ಹಾಕಿ ಹೆಸರು ಬದಲಾಯಿಸಿದ ಕತೆ ನಾವು ಕೇಳಿಲ್ಲ.

ಡಲ್ಲಾಸ್‌ನ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ತನ್ನ ದೇಶವೇ ಬೇಡವೆಂದ ಅಪರಾಧಿಯನ್ನು ಜೀವಮಾನವಿಡೀ ಕೂಡಿಹಾಕಬೇಕೇ? 2025ರ ಜುಲೈನಲ್ಲಿ ಅಮೆರಿಕ ಇನ್ನೊಂದು ದಾರಿ ಹಿಡಿಯಿತು. ವಿಯೆಟ್ನಾಂ, ಜಮೈಕಾ, ಲಾವೋಸ್, ಯೆಮನ್ ಮತ್ತು ಕ್ಯೂಬಾದ ತಲಾ ಒಬ್ಬರಂತೆ ಐವರು ಅಪರಾಧಿಗಳನ್ನು ಅವರು ಹಿಂದೆಂದೂ ಕಾಲಿಡದ ಆಫ್ರಿಕಾದ ಎಸ್ವಾಟಿನಿ ಎಂಬ ಪುಟ್ಟ ದೇಶಕ್ಕೆ ಕಳುಹಿಸಿತು. ಅಲ್ಲಿ ಅವರ ಮೇಲೆ ಯಾವ ಮೊಕದ್ದಮೆಯೂ ಇಲ್ಲ, ಇಟ್ಟದ್ದು ಸೆರೆಮನೆಯಲ್ಲಿ. ಅಮೆರಿಕದ ರಸ್ತೆಗಳು ಅಷ್ಟರಮಟ್ಟಿಗೆ ಸುರಕ್ಷಿತವಾದವು ಎನ್ನೋಣ. ಎಸ್ವಾಟಿನಿಯ ಜನ ಇವರನ್ನು ನಮ್ಮಲ್ಲಿಗೆ ಏಕೆ ತಂದಿರಿ ಎಂದು ತಮ್ಮ ಸರಕಾರವನ್ನು ಕೇಳಿದರು. ಡಲ್ಲಾಸ್‌ನ ಆ ತಾಯಿ ಮತ್ತು ಮಗ ಏನು ಕೇಳಬಹುದು ಎಂದು ನಾವು ಯೋಚಿಸುತ್ತೇವೆ. ಜನವರಿ 13ರ ಆ ಬಿಡುಗಡೆಯ ಆದೇಶಕ್ಕೆ ಸಹಿ ಹಾಕುವಾಗ ಅವನು ಯಾವ ಊರಿಗೆ, ಯಾರ ಜೊತೆ ಕೆಲಸಕ್ಕೆ ಹೋಗುತ್ತಾನೆ ಎಂದು ಯಾರಾದರೂ ವಿಚಾರಿಸಿದ್ದರೇ? ನಿಗಾವಣೆ ಎಂದರಲ್ಲ, ಆ ಎಂಟು ತಿಂಗಳಲ್ಲಿ ಅವನ ಬಾಗಿಲನ್ನು ಯಾರಾದರೂ ತಟ್ಟಿದ್ದರೇ?